ಮರೆಯಲ್ಲೇ ಉಳಿದ ಚಿತ್ರಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತಿಂಗಳಿಗೊಮ್ಮೆ ಗೆಳೆಯರು ಸೇರಿ ಹೊರದೇಶದ ಚಿತ್ರ ನೋಡುತ್ತೇವೆ. ಮೊದಲ ಸಲ ಮೂರು ಗಂಟೆಯ ಚಿತ್ರ ಹಾಕಿದ್ದಕ್ಕೆ ಅರ್ಧ ಜನ ನಡುವೆಯೇ ಎದ್ದುಹೋದರು. ಹೆಚ್ಚು ಜನರಿಗೆ ಗೊತ್ತಿಲ್ಲದ, ಆದರೆ ಕೂರಿಸಿಕೊಳ್ಳುವ ಚಿತ್ರ ಯಾವುದು? (ವಿದ್ಯಾನಗರ, ದಾವಣಗೆರೆ)

ಉತ್ತರ: ‘ಯಾಬಾ’ದಿಂದ ಶುರುಮಾಡಿ. ಬುರ್ಕಿನಾ ಫಾಸೊದ ಇದ್ರಿಸಾ ವೆದ್ರಾಗೊ 1989ರಲ್ಲಿ ಮಾಡಿದ ಚಿತ್ರ. ಸುಮಾರು ಒಂದೂವರೆ ಗಂಟೆ. ಊರವರು ಮಾಟಗಾತಿ ಎಂದು ದೂರವಿಟ್ಟ ಸಾನಾಳನ್ನು ಬಿಲಾ ಎಂಬ ಹುಡುಗ ‘ಯಾಬಾ’ ಎನ್ನುತ್ತಾನೆ, ಅಂದರೆ ಅಜ್ಜಿ. ಅವನ ಜೊತೆಗಾತಿ ನೊಪೊಕೊಗೆ ಚಾಕುವಿನ ಗಾಯದಿಂದ ಧನುರ್ವಾಯು ಬಂದಾಗ ಊರು ದೂರುವುದು ಆ ಮುದುಕಿಯನ್ನೇ. ವೈದ್ಯನನ್ನು ಹುಡುಕಿಕೊಂಡು ನಡೆದು ಹೋಗುವವಳೂ ಅವಳೇ. ಒಣ ಬಯಲು, ಮಣ್ಣಿನ ಗೋಡೆ, ಓಣಿಯ ಜಗಳ – ಚಳ್ಳಕೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾತೂ ಕಡಿಮೆ, ಹಾಗಾಗಿ ಸಬ್‌ಟೈಟಲ್ ಓದುವ ಭರದಲ್ಲಿ ಮುಖಗಳು ತಪ್ಪಿಹೋಗುವುದಿಲ್ಲ.

ಮುಂದಿನ ತಿಂಗಳು ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇಟ್ಟುಕೊಳ್ಳಿ. ಅಲ್ಲೂ ಹುಡುಗನೊಬ್ಬನ ಕಣ್ಣು, ಅಲ್ಲೂ ಊರು ಹೊರಗೆ ಹಾಕಿದ ಹೆಣ್ಣು. ಬೆನ್ನುಬೆನ್ನಿಗೆ ನೋಡಿದರೆ ಚರ್ಚೆಗೆ ಬೇರೆ ಪೀಠಿಕೆಯೇ ಬೇಡ. ಮೂರನೆಯದು ಸೆನೆಗಲ್‌ನ ನಿರ್ದೇಶಕ ಮಾಂಬೆಟಿಯ ಕೊನೆಯ ಚಿತ್ರ ‘ದ ಲಿಟಲ್ ಗರ್ಲ್ ಹೂ ಸೋಲ್ಡ್ ದ ಸನ್’, 45 ನಿಮಿಷದ್ದು: ಊರುಗೋಲಿನ ಹುಡುಗಿ ಸಿಲಿ, ಡಕಾರ್ ಬೀದಿಯಲ್ಲಿ ಹುಡುಗರ ನಡುವೆ ‘ಸೊಲೈ’ ಪತ್ರಿಕೆ ಮಾರುತ್ತಾಳೆ. ಇರಾನಿನ ಶಹೀದ್ ಸಾಲೆಸ್‌ರ ‘ಸ್ಟಿಲ್ ಲೈಫ್’ (1974) ನಿಧಾನದ ಚಿತ್ರ. ರೈಲ್ವೆ ಗೇಟು ಕಾಯುವ ಮುದುಕನ ದಿನಚರಿಯೇ ಅದರ ಕಥೆ. ಕಣ್ಣು ಪಳಗಿದ ಮೇಲೆ ನೋಡಿ, ಮೊದಲೇ ಬೇಡ.

ಪ್ರಶ್ನೆ: ನಾವೇ ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ ಕನ್ನಡ ಸಬ್‌ಟೈಟಲ್ ಪರದೆ ಮೇಲೆ ಗೋಜಲಾಗಿ ಕಾಣುತ್ತದೆ. ಅದು ಸರಿಹೋದರೂ ಸಾಲುಗಳು ಬರಬರುತ್ತಾ ಹಿಂದೆ ಬೀಳುತ್ತವೆ. (ಚಿತ್ರದುರ್ಗ)

ಉತ್ತರ: ಹಳೆಯ ನುಡಿ ಫಾಂಟಿನ ಅಕ್ಷರ ಯುನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲ. ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿ, ಎಸ್‌ಆರ್‌ಟಿ ಫೈಲನ್ನು (ಸಬ್‌ಟೈಟಲ್ ಇರುವ ಫೈಲು) ಉಳಿಸುವಾಗ ಎನ್‌ಕೋಡಿಂಗ್ ಆಯ್ಕೆಯಲ್ಲಿ ಯುಟಿಎಫ್-8 ಆರಿಸಿ. ಇನ್ನು ಹಿಂದೆ ಬೀಳುವುದು: ಮೊದಲ ಮಾತನ್ನೂ ಕೊನೆಯ ಮಾತನ್ನೂ ಪರೀಕ್ಷಿಸಿ. ಅಂತರ ಎರಡೂ ಕಡೆ ಒಂದೇ ಇದ್ದರೆ ಪ್ಲೇಯರ್‌ನಲ್ಲೇ ಸಮಯ ಸರಿಸಿದರೆ ಸಾಕು. ಬೆಳೆಯುತ್ತಾ ಹೋದರೆ ಅದು ಫ್ರೇಮ್ ದರದ (ಸೆಕೆಂಡಿಗೆ ಎಷ್ಟು ಸ್ಥಿರಚಿತ್ರ ಓಡುತ್ತವೆ ಎಂಬುದರ) ತೊಂದರೆ. ಸೆಕೆಂಡಿಗೆ 23.976 ಫ್ರೇಮಿನ ಪ್ರತಿಗೆ ಮಾಡಿದ ಸಬ್‌ಟೈಟಲ್ 25ರ ಪ್ರತಿಯಲ್ಲಿ, ಒಂದೂವರೆ ಗಂಟೆಯ ಚಿತ್ರದ ಕೊನೆಗೆ ಸುಮಾರು 3 ನಿಮಿಷ 40 ಸೆಕೆಂಡ್ ತಡವಾಗುತ್ತದೆ. ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದಲ್ಲಿ ಫ್ರೇಮ್ ದರವನ್ನು 23.976ರಿಂದ 25ಕ್ಕೆ ಬದಲಿಸಿ. ನಡುವೆ ಎಲ್ಲೋ ಥಟ್ಟನೆ ತಪ್ಪಿದರೆ ನಿಮ್ಮದು ಬೇರೆ ರೀತಿ ಕತ್ತರಿಸಿ ಜೋಡಿಸಿದ ಪ್ರತಿ. ಅಲ್ಲಿಂದಾಚೆಯ ಸಾಲುಗಳನ್ನಷ್ಟೇ ಸರಿಸಿ.

ಇಂಗ್ಲಿಷಿನಿಂದ ಅನುವಾದಿಸುವಾಗ ‘ಆಂಟ್’ ಎಂದಿದ್ದರೆ ಅತ್ತೆಯೋ ಚಿಕ್ಕಮ್ಮನೋ ದೊಡ್ಡಮ್ಮನೋ ಎಂದು ದೃಶ್ಯ ನೋಡಿಯೇ ತೀರ್ಮಾನಿಸಿ. ‘ಯಾಬಾ’ದಲ್ಲಿ ಹುಡುಗನ ಬಾಯಲ್ಲಿ ‘ಮುದುಕಿ’ ಎಂದು ಹಾಕಿದರೆ ಇಡೀ ಚಿತ್ರವೇ ಕೈತಪ್ಪುತ್ತದೆ.

ಪ್ರಶ್ನೆ: ಹಳೆಯ ಚಿತ್ರಗಳಲ್ಲಿ ಮುಖಗಳು ಟಿವಿಯಲ್ಲಿ ಅಗಲವಾಗಿ ಕಾಣುವುದೇಕೆ? (ಹಿರಿಯೂರು)

ಉತ್ತರ: ಚೌಕಕ್ಕೆ ಹತ್ತಿರದ ಚಿತ್ರವನ್ನು ಟಿವಿ ತನ್ನ ಅಗಲ ಪರದೆಯ 16:9 ಅನುಪಾತಕ್ಕೆ ಎಳೆಯುತ್ತಿದೆ. ಸೆಟ್ಟಿಂಗ್‌ನಲ್ಲಿ ಮೂಲ ಅನುಪಾತ ಆರಿಸಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಅದು ಇರಬೇಕಾದದ್ದೇ.