ಪ್ರತಿ: ಚಂದ್ರಗುಪ್ತ ಮೌರ್ಯನ ಕಾಲ ಬ್ರಿಟಿಷರ ಸೃಷ್ಟಿಯೇ?

ಬ್ರಿಟಿಷ್ ನ್ಯಾಯಾಧೀಶ, ಸಂಸ್ಕೃತ ವಿದ್ವಾಂಸ ವಿಲಿಯಂ ಜೋನ್ಸ್ ಬೇಕಂತಲೇ ಚಂದ್ರಗುಪ್ತ ಮೌರ್ಯನನ್ನು ಸಾವಿರಕ್ಕೂ ಜಾಸ್ತಿ ವರ್ಷ ಈಚೆಗೆ ಎಳೆದನಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಅಲೆಕ್ಸಾಂಡರನ ನಂತರ ಭಾರತದಲ್ಲಿ ಆಳಿದ ರಾಜನೆಂದು ಗ್ರೀಕರು ಬರೆದ ಸಾಂಡ್ರಕೋಟಸ್ ನಮ್ಮ ಚಂದ್ರಗುಪ್ತನೇ ಎಂದು 1793ರಲ್ಲಿ ಜೋನ್ಸ್ ಹೇಳಿದಾಗ ಅದು ಊಹೆ. ಅದಕ್ಕೆ ಗಟ್ಟಿ ಆಧಾರ ಕೊಟ್ಟವನು ಮೊಮ್ಮಗ ಅಶೋಕ. ಅವನ 13ನೇ ಬಂಡೆಶಾಸನದಲ್ಲಿ ಅಂತಿಯೋಕ (ಆಂಟಿಯೋಕಸ್), ತುರಮಾಯ (ಟಾಲೆಮಿ) ಸೇರಿ ಐವರು ಗ್ರೀಕ್ ರಾಜರ ಹೆಸರಿದೆ. ಎಲ್ಲರೂ ಕ್ರಿ.ಪೂ. 3ನೇ ಶತಮಾನದವರು. ಇದನ್ನು ಕೆತ್ತಿಸಿದ್ದು ಬ್ರಿಟಿಷರಲ್ಲ, ಅಲ್ವಾ?

ನೀವಿರುವುದು ಮುಂಬೈ ಹತ್ತಿರದ ನಾಲಾಸೋಪಾರಾ ಅಂದಿರಿ. ಅಲ್ಲೇ 1882ರಲ್ಲಿ ಪುರಾತತ್ವ ವಿದ್ವಾಂಸ ಭಗವಾನ್‌ಲಾಲ್ ಇಂದ್ರಜಿಗೆ ಅಶೋಕನ 8ನೇ ಶಾಸನದ ತುಂಡು ಸಿಕ್ಕಿತ್ತು. 9ನೆಯದರ ತುಂಡು ಮುಂಬೈನ ಫೋರ್ಟ್ ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿದೆ. ಭಾನುವಾರ ಲೋಕಲ್ ಹತ್ತಿ ನೋಡಿ ಬನ್ನಿ.

ಪೂರ್ವಗ್ರಹ ಹುಡುಕಬೇಕಾದರೆ ಬೇರೆ ಕಡೆ ಬೇಕಾದಷ್ಟಿದೆ. ಬ್ರಿಟಿಷ್ ಇತಿಹಾಸಕಾರ ಜೇಮ್ಸ್ ಮಿಲ್ ಭಾರತಕ್ಕೆ ಕಾಲಿಡದೆಯೇ 1817ರಲ್ಲಿ ನಮ್ಮ ಇತಿಹಾಸ ಬರೆದು, ಅದನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ಮೂರು ಹೋಳು ಮಾಡಿದ. ಜರ್ಮನ್ ಮೂಲದ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ವೇದಸಾಹಿತ್ಯದ ಒಂದೊಂದು ಹಂತಕ್ಕೆ ಸುಮ್ನೆ 200 ವರ್ಷ ಹಂಚಿದ್ದೂ ಬರೀ ಅಂದಾಜು. ನಂತರ ಅವನೇ ಅದನ್ನು ಖಚಿತ ಅನ್ನಲಿಲ್ಲ. ಪಾಠಪುಸ್ತಕಗಳು ಅಂದವು, ನನ್ನ ತಕರಾರು ಅಲ್ಲಿದೆ.