ಹಾಸ್ಟೆಲಿಗೆ ಮರಳಲು ಒಪ್ಪದ ವಿದ್ಯಾರ್ಥಿನಿ: ಕಂಪ್ಯೂಟರ್ ಸೈನ್ಸ್ ಸೀಟಿನ ಒತ್ತಡದ ಒಂದು ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಶಿರಸಿ ತಾಲೂಕಿನ ಹಳ್ಳಿಯೊಂದರ ಅಡಿಕೆ ಬೆಳೆಗಾರರು ದ್ವಿತೀಯ ಪಿಯುಸಿಯಲ್ಲಿದ್ದ ಮಗಳನ್ನು ದೀಪಾವಳಿ ರಜೆ ಮುಗಿದ ಮೇಲೆ ಆಪ್ತಸಮಾಲೋಚಕಿಯಾದ ನನ್ನಲ್ಲಿಗೆ ಕರೆತಂದರು. ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ ಒಳ್ಳೆಯ ಅಂಕ ಪಡೆದಿದ್ದ ಆಕೆಯನ್ನು, ಪಿಯುಸಿಯ ಜೊತೆಗೇ ಐಐಟಿಯಂಥ ಎಂಜಿನಿಯರಿಂಗ್ ಸಂಸ್ಥೆಗಳ ಪ್ರವೇಶ ಪರೀಕ್ಷೆಯಾದ ಜೆಇಇಗೆ ತರಬೇತಿ ನೀಡುವ ಕರಾವಳಿಯ ವಸತಿ ಕಾಲೇಜೊಂದಕ್ಕೆ ಸೇರಿಸಲಾಗಿತ್ತು. ಐಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿಸಬೇಕೆಂಬುದು ತಂದೆಯ ಆಸೆ. ರಜೆಗೆ ಬಂದವಳಿಗೆ ಊಟ ಸೇರುತ್ತಿರಲಿಲ್ಲ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ರೆ ಬರುತ್ತಿರಲಿಲ್ಲ, ಹಾಸ್ಟೆಲಿನ ಮಾತೆತ್ತಿದರೆ ತಲೆನೋವು ಶುರುವಾಗುತ್ತಿತ್ತು.

ಮೊದಲ ಭೇಟಿಯಲ್ಲಿ ತಂದೆತಾಯಿಯನ್ನು ಹೊರಗೆ ಕೂರಿಸಿ ಆಕೆಯೊಬ್ಬಳೊಂದಿಗೆ ಮಾತನಾಡಿದೆ. ಬದುಕು ಬೇಡವೆನ್ನಿಸುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳುವುದರಿಂದ ಅಂಥ ಯೋಚನೆ ಹುಟ್ಟುತ್ತದೆ ಎಂಬ ಭಯ ನಿರಾಧಾರವಾದದ್ದು. ಬಂದಿಲ್ಲವೆಂದಳು. ಆದರೂ ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತವಾಗಿ ಸಿಗುವ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ, ತಲೆನೋವಿಗೆ ವೈದ್ಯರನ್ನು ಕಾಣಲು ಹೇಳಿದೆ. ಬಳಿಕ ಆಕೆ ನಿಧಾನವಾಗಿ ಹೇಳಿಕೊಂಡದ್ದು ವಾರದ ಪರೀಕ್ಷೆಗಳ ಬಗ್ಗೆ. ಪ್ರತಿ ವಾರ ರ‍್ಯಾಂಕ್ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಿದ್ದರು, ಅದರಲ್ಲಿ ಆಕೆಯ ಹೆಸರು ಕೆಳಗಿಳಿಯುತ್ತಲೇ ಹೋಗಿತ್ತು, ಮತ್ತು ಭಾನುವಾರ ಮನೆಯಿಂದ ಬರುವ ಫೋನಿನಲ್ಲಿ ತಂದೆಯ ಮೊದಲ ಮಾತು "ಕೂಸೇ, ರ‍್ಯಾಂಕ್ ಎಷ್ಟು ಬಂತೇ?" ಎಂಬುದೇ ಆಗಿರುತ್ತಿತ್ತು. "ಐಐಟಿ ಸಿಗದಿದ್ದರೆ ಎರಡು ವರ್ಷ ಕಟ್ಟಿದ ದುಡ್ಡೆಲ್ಲ ನೀರುಪಾಲು, ಮೇಡಂ" ಎಂದಳು.

ಈ ಮಾತು ನನ್ನನ್ನು ಬಹಳ ಹೊತ್ತು ಕಾಡಿತು, ಏಕೆಂದರೆ ಅದು ವಾಸ್ತವವಾಗಿ ಸರಿಯಲ್ಲ. ಕಂಪ್ಯೂಟರ್ ಸೈನ್ಸಿಗೆ ಹೋಗುವ ದಾರಿಗಳು ಹಲವಿವೆ, ಅವುಗಳ ನಿಯಮಗಳೂ ಬೇರೆಬೇರೆ. ಇದನ್ನು ಮನೆಯಲ್ಲಿ ಯಾರೂ ಕುಳಿತು ಲೆಕ್ಕ ಹಾಕಿರಲಿಲ್ಲ. ಎರಡನೆಯ ಭೇಟಿಯಲ್ಲಿ ಮೂವರನ್ನೂ ಕೂರಿಸಿಕೊಂಡು ಅದನ್ನೇ ಮಾಡಿದೆವು. ಐಐಟಿಗೆ ಜೆಇಇಯ ಮೊದಲ ಹಂತವಾದ ಮೇನ್ ದಾಟಿ, ಎರಡನೆಯ ಹಂತವಾದ ಅಡ್ವಾನ್ಸ್ಡ್ ಬರೆಯಬೇಕು. ಸುರತ್ಕಲ್ಲಿನಲ್ಲಿರುವ ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಾಲೇಜಾದ ಎನ್‌ಐಟಿಗೆ ಮೇನ್ ರ‍್ಯಾಂಕೇ ಆಧಾರ, ಅಲ್ಲಿನ ಅರ್ಧ ಸೀಟುಗಳು ಕರ್ನಾಟಕದವರಿಗೆ ಮೀಸಲು. ಐಐಟಿ, ಎನ್‌ಐಟಿಗಳಲ್ಲಿ 2018ರಿಂದ ಹೆಣ್ಣುಮಕ್ಕಳಿಗಾಗಿ ಹೆಚ್ಚುವರಿ ಸೀಟುಗಳೂ ಇವೆ. ರಾಜ್ಯದ ಕಾಲೇಜುಗಳಿಗೆ ನಡೆಯುವ ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ತೂಕ ಸಿಇಟಿ ಅಂಕಗಳದ್ದಾದರೆ, ಉಳಿದರ್ಧ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು.

ಇಲ್ಲಿಯೇ ತಂದೆ ಮಾತು ನಿಲ್ಲಿಸಿ ಯೋಚನೆಗೆ ಬಿದ್ದರು. ಜೆಇಇಯ ಭರದಲ್ಲಿ ಬೋರ್ಡ್ ಪರೀಕ್ಷೆಯನ್ನು ಕೊನೆಯ ತಿಂಗಳಿಗೆ ನೋಡಿಕೊಂಡರಾಯಿತೆಂದು ಎಲ್ಲರೂ ನಂಬಿದ್ದರು. ಬುದ್ಧಿವಂತ ಮಕ್ಕಳೂ ಸಿಇಟಿ ರ‍್ಯಾಂಕಿನಲ್ಲಿ ಹಿಂದೆ ಬೀಳಲು ಈ ನಂಬಿಕೆಯೇ ದೊಡ್ಡ ಕಾರಣವೆಂದು ನನಗೆ ಮತ್ತೆ ಮತ್ತೆ ಅನ್ನಿಸಿದೆ. ಇದರ ಮೇಲೆ, ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಸಿಇಟಿಯಲ್ಲಿ ಬೇರೆಬೇರೆ ಮೀಸಲಾತಿಯಿದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕಾಗುವುದರಿಂದ, ಅರ್ಜಿಯ ಕೊನೆಯ ದಿನ ಅಲೆದಾಡದೆ ಈಗಲೇ ಮಾಡಿಸಿಡಿರೆಂದು ತಾಯಿಗೆ ಹೇಳಿದೆ. ಮುಂದಿನ ಭೇಟಿಗೆ ಅವರು ಅದನ್ನು ತಂದೇ ತೋರಿಸಿದರು.

ಆಕೆಗೆ ಈ ವಿಷಯವೇ ಬೇಕೇ ಎಂಬುದನ್ನೂ ಕೇಳಲೇಬೇಕಿತ್ತು. ಗಣಿತವೆಂದರೆ ಇಷ್ಟ, ಆದರೆ ಒಂದು ಪ್ರೋಗ್ರಾಂ ಕೂಡ ಬರೆದವಳಲ್ಲ. ಹಾಗಾಗಿ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹಾಕಿಕೊಂಡು, ಅಡಿಕೆ ಮಾರುವ ಸಹಕಾರಿ ಸೊಸೈಟಿಯಲ್ಲಿ ದಿನವೂ ಪ್ರಕಟವಾಗುವ ರಾಶಿ, ಚಾಲಿ, ಬೆಟ್ಟೆ ಎಂಬ ಬಗೆಗಳ ಅಡಿಕೆಯ ದರಗಳನ್ನು ಬರೆದಿಟ್ಟು ವಾರದ ಸರಾಸರಿ ತೆಗೆಯುವ ಸಣ್ಣ ಪ್ರೋಗ್ರಾಂ ಮಾಡೆಂದು ಸೂಚಿಸಿದೆ. ಅದು ಅರ್ಜಿಗೆ ಸೇರಿಸುವ ಸಾಧನೆಯಲ್ಲ. ಮೇಲೆ ಹೇಳಿದ ಯಾವ ಪ್ರವೇಶಕ್ಕೂ ಇಂಥದ್ದನ್ನು ಕೇಳುವುದಿಲ್ಲ. ತಪ್ಪು ಹುಡುಕಿ ಸರಿಪಡಿಸುವ ತಾಳ್ಮೆ ಆಕೆಗೆ ಹಿತವೆನಿಸುತ್ತದೆಯೇ ಎಂದು ಆಕೆಯೇ ಕಂಡುಕೊಳ್ಳಬೇಕಿತ್ತು. ಒಂದು ಸಂಜೆಯೆಲ್ಲ ಕುಳಿತು ಅದನ್ನು ಮುಗಿಸಿದಳೆಂದೂ, ಆ ರಾತ್ರಿ ಚೆನ್ನಾಗಿ ಉಂಡಳೆಂದೂ ತಾಯಿ ಹೇಳಿದರು.

ವರ್ಷದ ನಡುವೆ ಕಾಲೇಜು ಬದಲಿಸುವುದು ನನಗೆ ಸರಿ ಕಾಣಲಿಲ್ಲ. ಅದೇ ಕಾಲೇಜಿನಲ್ಲಿ ಅಡ್ವಾನ್ಸ್ಡ್ ತಂಡವನ್ನು ಬಿಟ್ಟು ಬೋರ್ಡ್ ಮತ್ತು ಸಿಇಟಿ ತಂಡಕ್ಕೆ ಹೋಗಲು ಪ್ರಾಂಶುಪಾಲರಿಗೆ ಪತ್ರ ಬರೆಯಿಸಿದೆ. ಜೆಇಇ ಮೇನ್ ಬರೆಯುವುದನ್ನು ಬಿಡಲಿಲ್ಲ. ಆದರೆ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಆ ಪರೀಕ್ಷೆಯಲ್ಲಿ ಬೆಳೆದ ಹಿಂಜರಿಕೆಯನ್ನು ಸಿಇಟಿಗೆ ಒಯ್ಯಬಾರದು: ಅಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ಕಳೆಯುವ ಅಂಕವಿಲ್ಲ, ಒಂದನ್ನೂ ಖಾಲಿ ಬಿಡುವ ಕಾರಣವಿಲ್ಲ. ರಾತ್ರಿ ಹನ್ನೊಂದರ ಮೇಲೆ ಓದು ಬೇಡವೆಂದೆ. ತಂದೆಯಲ್ಲಿ ಕೇಳಿದ್ದು ಒಂದೇ, ಭಾನುವಾರದ ಫೋನಿನಲ್ಲಿ ರ‍್ಯಾಂಕಿನ ಮಾತು ಬೇಡ. ಅವರಿಗೆ ಇದು ಸುಲಭವಾಗಿರಲಿಲ್ಲ. ಸಾಲ ಮಾಡಿ ಶುಲ್ಕ ಕಟ್ಟಿದವರ ಆತಂಕವನ್ನು ಹಗುರವಾಗಿ ಕಾಣುವುದು ಅನ್ಯಾಯ. ಆದರೂ ಮಾತಿಗೆ ತಪ್ಪಲಿಲ್ಲ.

ಫಲಿತಾಂಶದ ನಂತರ ಅವರು ಮತ್ತೆ ಬಂದದ್ದು ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿಯನ್ನು ಆದ್ಯತೆಯ ಕ್ರಮದಲ್ಲಿ ತುಂಬಲು. ಸುರತ್ಕಲ್ಲಿಗೆ ಸಾಲುವ ರ‍್ಯಾಂಕ್ ಬಂದಿರಲಿಲ್ಲ, ಸಿಇಟಿ ರ‍್ಯಾಂಕ್ ಚೆನ್ನಾಗಿತ್ತು. ಹಿಂದಿನ ವರ್ಷದ ಕಟ್‌ಆಫ್ ನೋಡಿ, ಸಿಗಲಾರದೆನ್ನಿಸಿದ ಕಾಲೇಜುಗಳನ್ನು ತಂದೆ ಪಟ್ಟಿಯಿಂದ ತೆಗೆದುಬಿಟ್ಟಿದ್ದರು. ಪಟ್ಟಿಯನ್ನು ಮೇಲಿನಿಂದ ನೋಡುತ್ತ, ರ‍್ಯಾಂಕಿಗೆ ಮೊದಲು ದೊರಕುವ ಸೀಟನ್ನು ಹಂಚುವುದರಿಂದ, ಮೇಲೆ ಬರೆದದ್ದು ಸಿಗದಿದ್ದರೆ ಕೆಳಗಿನದಕ್ಕೆ ನಷ್ಟವಿಲ್ಲ. ಕೊಟ್ಟರೂ ಹೋಗಲಾರದ ಕಾಲೇಜನ್ನು ಮಾತ್ರ ಬರೆಯಬಾರದು ಎಂದು ವಿವರಿಸಿದೆ. ಇಷ್ಟದ ಕ್ರಮದಲ್ಲೇ ಪಟ್ಟಿಯನ್ನು ಹೊಸದಾಗಿ ಬರೆದರು. ಮೊದಲ ಸುತ್ತಿನಲ್ಲಿ ಬೆಂಗಳೂರಿನ ಕಾಲೇಜೊಂದರ ಇನ್ಫರ್ಮೇಷನ್ ಸೈನ್ಸ್ ಸಿಕ್ಕಿತು. ಅದನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯಲು ಅವಕಾಶ ಕೊಡುವ ಎರಡನೆಯ ಆಯ್ಕೆಯನ್ನು ಆಕೆಯೇ ಒತ್ತಿದಳು. ಮುಂದಿನ ಸುತ್ತಿನಲ್ಲೂ ಸೀಟು ಬದಲಾಗಲಿಲ್ಲ. ಇನ್ಫರ್ಮೇಷನ್ ಸೈನ್ಸಿನ ಬಹುಪಾಲು ಪಾಠಗಳು ಕಂಪ್ಯೂಟರ್ ಸೈನ್ಸಿನವೇ ಆಗಿರುತ್ತವೆಂದು ಎರಡರ ಪಠ್ಯಕ್ರಮವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ತಂದೆ ಒಪ್ಪಿದರು, ಆಕೆ ಸೇರಿದಳು.