"ಎರಡನೇ ಪ್ರಾಶಸ್ತ್ಯ ಹಾಕೋ ಹಾಗಿಲ್ವಾ?"

ಮದ್ದೂರಿನ ತಮ್ಮನಿಗೆ,

ಅಮೆರಿಕಕ್ಕೆ, ಇಲ್ಲಿಯ ಫ್ಲೋರಿಡಾ ರಾಜ್ಯದ ಟ್ಯಾಂಪಾಗೆ ಬಂದು ಮೂರು ವಾರವಾಯಿತು ಅಂತ ಬರೆದಿದ್ದೀಯ. ಮನೆ, ಮಗಳ ಸ್ಕೂಲು, ಕಾರು ಎಲ್ಲ ಕೇಳಿ, ಕೊನೆಗೆ ಇನ್ನೊಂದು ಕೇಳಿದ್ದೀಯ: "ಅಣ್ಣಾ, ನಮ್ಮ ಮಂಡ್ಯದಲ್ಲಿ 2019ರಲ್ಲಿ ಸುಮಲತಾ ಅವರು ಪಕ್ಷೇತರರಾಗಿ ನಿಂತು ಗೆದ್ದರು. ಇಷ್ಟು ದೊಡ್ಡ ದೇಶದಲ್ಲಿ ಎರಡೇ ಪಕ್ಷ ಯಾಕೆ? ಇವರಿಗೆ ಮೂರನೆಯದು ಬೇಡವಾ?"

ಮೊದಲ ಮೂರಕ್ಕೆ ಬೇಗ ಹೇಳಿಬಿಡುತ್ತೇನೆ. ಸ್ಕೂಲು ಯಾವುದು ಅಂತ ನೋಡಿಕೊಂಡು ಮನೆ ಹುಡುಕು, ಸಾಮಾನ್ಯವಾಗಿ ಮನೆಯ ವಿಳಾಸದ ಮೇಲೆಯೇ ಸರ್ಕಾರಿ ಸ್ಕೂಲು ಸಿಗುವುದು. ಊರಿನ ಲಸಿಕೆ ಕಾರ್ಡನ್ನು ಇಲ್ಲಿನ ಡಾಕ್ಟರಿಗೆ ತೋರಿಸಿ ಫ್ಲೋರಿಡಾದ ಫಾರಂಗೆ ಏರಿಸಿಕೋ. ಹಳೇ ಜಪಾನಿ ಕಾರು ಸಾಕು. ಹೊಸದರ ಆಸೆ ಎರಡು ವರ್ಷ ತಡೆದುಕೋ.

ನಾಲ್ಕನೆಯದಕ್ಕೆ ಸ್ವಲ್ಪ ಕೂತು ಬರೆಯಬೇಕು.

ನಾನು ಪಾಂಡವಪುರದ ಕಡೆಯವನು. 1989ರಲ್ಲಿ ಓದಲು ಬಂದೆ. ನಮ್ಮಪ್ಪ ರೈತ ಸಂಘದವರು. ಹಸಿರು ಟವೆಲ್ ಹೆಗಲ ಮೇಲೆ ಇಲ್ಲದೆ ಸಂತೆಗೂ ಹೋಗುತ್ತಿರಲಿಲ್ಲ. 1994ರಲ್ಲಿ ಸಂಘದ ಪುಟ್ಟಣ್ಣಯ್ಯನವರು ಪಾಂಡವಪುರದಿಂದ ಗೆದ್ದಾಗ ಅಪ್ಪ ನೀಲಿ ಏರೋಗ್ರಾಮಿನ ಅಂಚಿನವರೆಗೂ ಬರೆದಿದ್ದರು: "ದೊಡ್ಡ ಪಕ್ಷದೋರು ಯಾರೂ ನಮ್ಮ ಓಟಿನ ಧಣಿಗಳಲ್ಲ ಅಂತ ತೋರಿಸಿದ್ವಿ ಮಗ." ಆ ಕಾಗದ ಈಗಲೂ ನನ್ನ ಹತ್ತಿರ ಇದೆ. ಅದೇ ಹೆಮ್ಮೆಯಲ್ಲಿ ನಾನು ಇಲ್ಲಿಯ ಓಟನ್ನೂ ಅಳೆದೆ. ತಪ್ಪಿದ್ದು ಅಲ್ಲೇ.

1999ರಲ್ಲಿ ಸಿಟಿಜನ್ ಆದೆ. ಮೊದಲ ಓಟು 2000ದ ನವೆಂಬರ್ 7ರ ಅಧ್ಯಕ್ಷರ ಚುನಾವಣೆಗೆ, ಇದೇ ಫ್ಲೋರಿಡಾದಲ್ಲಿ. ರಿಪಬ್ಲಿಕನ್ ಪಕ್ಷದ ಬುಷ್ ಒಂದು ಕಡೆ, ಡೆಮಾಕ್ರಟಿಕ್ ಪಕ್ಷದ ಗೋರ್ ಇನ್ನೊಂದು ಕಡೆ. ಮೂರನೆಯವರಾಗಿ ರಾಲ್ಫ್ ನೇಡರ್, ಕಾರು ಕಂಪನಿಗಳ ಎದುರು ನಿಂತು ಜನರ ಸುರಕ್ಷತೆಗೆ ಹೋರಾಡಿದವರು. ಅವರ ಪಕ್ಷದ ಹೆಸರೇ ಹಸಿರು, ಗ್ರೀನ್ ಪಾರ್ಟಿ. ದೇಶದಲ್ಲಿ ಶೇ 5ರಷ್ಟು ಓಟು ಬಂದರೆ ಮುಂದಿನ ಚುನಾವಣೆಗೆ ಆ ಪಕ್ಷಕ್ಕೆ ಸರ್ಕಾರದ ಹಣ ಸಿಗುತ್ತಿತ್ತು. ಅಪ್ಪನ ಟವೆಲ್ ಕಣ್ಣ ಮುಂದೆ ಬಂತು. ನೇಡರ್‌ಗೆ ನಾನು ಹಾಕಿದ್ದಷ್ಟೇ ಆಗಿದ್ದರೆ ಇವತ್ತು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಹಿಂದಿನ ವಾರ ರಾಜ್ಯೋತ್ಸವದ ಊಟದಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತು ಸಿಕ್ಕಿದವರಿಗೆಲ್ಲ ಹೇಳಿದೆ. ನಾಲ್ಕು ಜನ ಒಪ್ಪಿದರು.

ಆ ನಾಲ್ವರಲ್ಲಿ ಒಬ್ಬರು ಮೈಸೂರಿನ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾಗಿ ಮಗಳ ಮನೆಗೆ ಬಂದು, ಇಲ್ಲಿಯ ಪೌರತ್ವ ತೆಗೆದುಕೊಂಡಿದ್ದರು. ಅವರಿಗೂ ಅದು ಮೊದಲ ಓಟು. ಮತಗಟ್ಟೆಗೆ ನಾನೇ ಕರೆದುಕೊಂಡು ಹೋದೆ. ಕಾರಿನಲ್ಲಿ ಕೇಳಿದರು: "ಅಲ್ಲಯ್ಯಾ, ಇಲ್ಲಿ ಎರಡನೇ ಪ್ರಾಶಸ್ತ್ಯ ಹಾಕೋ ಹಾಗಿಲ್ವಾ? ನಮ್ಮ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದಲ್ಲಿ ಒಂದು, ಎರಡು, ಮೂರು ಅಂತ ಬರೀತಿದ್ವಲ್ಲ. ಮೊದಲನೆಯವನು ಸೋತರೆ ನಮ್ಮ ಓಟು ಎರಡನೆಯವನಿಗೆ ಹೋಗ್ತಿತ್ತು." ನಾನು "ಇಲ್ಲ ಮೇಷ್ಟ್ರೇ, ಇಲ್ಲಿ ಒಂದೇ. ಧೈರ್ಯವಾಗಿ ಹಾಕಿ" ಅಂದೆ. ಗಣಿತದ ಮೇಷ್ಟ್ರು ಕೇಳಿದ ಪ್ರಶ್ನೆಯಲ್ಲೇ ಎಲ್ಲ ಇತ್ತು. ನನ್ನ ಕಿವಿಗೆ ಅದು ಬೀಳಲಿಲ್ಲ.

ಆಮೇಲಿನದು ನಿನಗೂ ಗೊತ್ತಿರಬಹುದು. ಕಾರ್ಡಿಗೆ ತೂತು ಹೊಡೆಯುವ ಓಟು, ಅರ್ಧ ಬಿದ್ದ ತೂತನ್ನು ಭೂತಗನ್ನಡಿ ಹಿಡಿದು ನೋಡಿದ ಮರುಎಣಿಕೆ, ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿದ್ದು. ಇಡೀ ರಾಜ್ಯದ ಸುಮಾರು 60 ಲಕ್ಷ ಓಟಿನಲ್ಲಿ ಬುಷ್ ಗೆದ್ದ ಅಂತರ 537. ನೇಡರ್‌ಗೆ ಬಿದ್ದದ್ದು 97,488. ಅದರಲ್ಲಿ ಒಂದು ಸಣ್ಣ ಪಾಲು ಗೋರ್‌ಗೆ ಹೋಗಿದ್ದರೂ ಫಲಿತಾಂಶ ತಿರುಗುತ್ತಿತ್ತು. ದೇಶದ ಲೆಕ್ಕದಲ್ಲಿ ಅವರಿಗೆ ಶೇ 3 ಕೂಡ ದಾಟಲಿಲ್ಲ, ಸರ್ಕಾರದ ಹಣವೂ ಬರಲಿಲ್ಲ. ಇಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯಕ್ಕೆ ಇಷ್ಟು ಅಂತ ಹಂಚಿರುವ ಎಲೆಕ್ಟರ್ ಓಟುಗಳು. ಫ್ಲೋರಿಡಾದ 25 ಎಲೆಕ್ಟರ್ ಓಟು ಪೂರ್ತಿ ಬುಷ್‌ಗೆ. ಅವರಿಗೆ ಒಟ್ಟು 271 ಬಂತು. ಬೇಕಿದ್ದದ್ದು 270.

ಮೇಷ್ಟ್ರು ತಕ್ಷಣ ಏನೂ ಅನ್ನಲಿಲ್ಲ. 2003ರ ಮಾರ್ಚಿನಲ್ಲಿ ಇರಾಕಿನ ಮೇಲೆ ಬಾಂಬು ಬಿದ್ದ ರಾತ್ರಿ ಫೋನ್ ಮಾಡಿದರು. "ನಿನ್ನ ಮಾತು ಕೇಳಿ ಹಾಕಿದೆ ಕಣಯ್ಯ" ಅಂದರು, ಅಷ್ಟೇ. ಗೋರ್ ಬಂದಿದ್ದರೆ ಯುದ್ಧ ಆಗುತ್ತಿತ್ತೋ ಇಲ್ಲವೋ ಯಾರು ಹೇಳಬೇಕು. ನೇಡರ್‌ಗೆ ಹಾಕಿದವರನ್ನು ಬೈಯುವವರು ಇಂದಿಗೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ, ಓಟು ಯಾವ ಪಕ್ಷದ ಆಸ್ತಿಯೂ ಅಲ್ಲ. ನನ್ನನ್ನು ಕೊರೆಯುವುದು ಬೇರೆ. ಎಣಿಸುವ ರೀತಿ ತಿಳಿಯದೆ ಇನ್ನೊಬ್ಬರ ಮೊದಲ ಓಟಿಗೆ ನಾನು ದಾರಿ ಹೇಳಿದೆ. ಮೇಷ್ಟ್ರು ಈಗಿಲ್ಲ. ಕ್ಷಮೆ ಕೇಳಬೇಕು ಅಂದುಕೊಂಡೇ ವರ್ಷಗಳು ಹೋದವು.

ಈಗ ನಿನ್ನ ಮಂಡ್ಯದ ಮಾತಿಗೆ ಬರುತ್ತೇನೆ. ಸುಮಲತಾ ಅವರ ಎದುರು ಬಿಜೆಪಿ ಅಭ್ಯರ್ಥಿಯನ್ನೇ ಹಾಕದೆ ಬೆಂಬಲ ಕೊಟ್ಟಿತು. ಹಾಗಾಗಿ ಅದು ಮೂರು ಕಡೆಯ ಜಗಳವಾಗಲಿಲ್ಲ, ನೇರ ಹಣಾಹಣಿಯಾಯಿತು. ಇಲ್ಲೂ ಪಕ್ಷೇತರರು ಗೆಲ್ಲುವುದು ಸಾಮಾನ್ಯವಾಗಿ ಹಾಗೆಯೇ. ವರ್ಮಾಂಟ್‌ನ ಬರ್ನಿ ಸ್ಯಾಂಡರ್ಸ್ ಪಕ್ಷೇತರ ಸೆನೆಟರ್, ಆದರೆ ಡೆಮಾಕ್ರಟರು ಅವರಿಗೆ ಅಡ್ಡ ನಿಲ್ಲುವುದಿಲ್ಲ. ಮಂಡ್ಯದಲ್ಲಿ ಒಂದೇ ಹೆಸರಿನ ಇನ್ನೂ ಮೂವರು ಸುಮಲತಾರನ್ನು ನಿಲ್ಲಿಸಿದ್ದು ನೆನಪಿದೆಯಲ್ಲ? 2020ರಲ್ಲಿ ಮಯಾಮಿಯ ಒಂದು ರಾಜ್ಯ ಸೆನೆಟ್ ಸೀಟಿನಲ್ಲಿ ರೋಡ್ರಿಗಸ್ ಎಂಬ ಸೆನೆಟರ್ ಎದುರು ಅದೇ ಹೆಸರಿನ ಪಕ್ಷೇತರನನ್ನು ದುಡ್ಡು ಕೊಟ್ಟು ನಿಲ್ಲಿಸಿದರು. ಅವನು 6,000ಕ್ಕೂ ಹೆಚ್ಚು ಓಟು ತಿಂದ, ಸೆನೆಟರ್ ಸೋತದ್ದು 40ಕ್ಕೂ ಕಡಿಮೆ ಓಟಿನಿಂದ. ಕೇಸು ನಡೆದು ಅಪರಾಧ ಸಾಬೀತಾಯಿತು, ಸೀಟು ಮಾತ್ರ ವಾಪಸ್ ಬರಲಿಲ್ಲ.

ದೊಡ್ಡ ವ್ಯತ್ಯಾಸ ಮೇಲಿನ ಕುರ್ಚಿಯದು. ನಮ್ಮಲ್ಲಿ 2018ರಲ್ಲಿ 224ರ ವಿಧಾನಸಭೆಯಲ್ಲಿ 37 ಸೀಟು ಗೆದ್ದ ಪಕ್ಷದ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಇಲ್ಲಿ 1992ರಲ್ಲಿ ರಾಸ್ ಪೆರೋ ಎಂಬ ಟೆಕ್ಸಾಸಿನ ಉದ್ಯಮಿಗೆ ಸುಮಾರು 1 ಕೋಟಿ 97 ಲಕ್ಷ ಜನ ಓಟು ಹಾಕಿದರು, ಹತ್ತಿರ ಹತ್ತಿರ ಶೇ 19. ಎಲೆಕ್ಟರ್ ಓಟು ಬಂದದ್ದು ಸೊನ್ನೆ. ಮೇಯ್ನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಮಿಕ್ಕ ರಾಜ್ಯಗಳಲ್ಲಿ ಮುಂದಿರುವವರಿಗೇ ಎಲ್ಲ. ಯಾರಿಗೂ 270 ಬರದಿದ್ದರೆ ಹೌಸ್, ಅಂದರೆ ಇಲ್ಲಿಯ ಸಂಸತ್ತಿನ ಕೆಳಮನೆ, ಅಧ್ಯಕ್ಷರನ್ನು ಆರಿಸುತ್ತದೆ, ರಾಜ್ಯಕ್ಕೊಂದೇ ಓಟು, ಕ್ಯಾಲಿಫೋರ್ನಿಯಾಕ್ಕೂ ಒಂದು, ವಯೋಮಿಂಗಿಗೂ ಒಂದು. ಮೂರನೆಯವರು ಬೆಂಬಲ ಕೊಟ್ಟು ಕೆಲಸ ಮಾಡಿಸಿಕೊಳ್ಳುವ ಜಾಗವೇ ಅಲ್ಲಿಲ್ಲ.

ಹಾಗಾದರೆ ಮೂರನೇ ಪಕ್ಷ ಬೇಡವಾ? ಬೇಕು. ಖಂಡಿತ ಬೇಕು. ನಮ್ಮ ಫ್ಲೋರಿಡಾದಲ್ಲಿ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನಲ್ಲಿ, ಆಯಾ ಪಕ್ಷಕ್ಕೆ ಹೆಸರು ಬರೆಸಿದವರಿಗೆ ಮಾತ್ರ ಓಟು. ಯಾವ ಪಕ್ಷವೂ ಬೇಡ ಎಂದು ಬರೆಸಿದ ಲಕ್ಷಾಂತರ ಫ್ಲೋರಿಡಾದವರು ಆ ದಿನ ಹೊರಗೆ. 2020ರಲ್ಲಿ ರಾಜ್ಯದ ಪ್ರೈಮರಿಗಳನ್ನು ಎಲ್ಲರಿಗೂ ತೆರೆಯುವ ಪ್ರಸ್ತಾವಕ್ಕೆ ಶೇ 57 ಜನ ಹೌದು ಅಂದರು. ಬೇಕಿದ್ದದ್ದು ಶೇ 60. ಬಿದ್ದುಹೋಯಿತು.

ಆದರೆ ಪಕ್ಷಕ್ಕಿಂತ ಮೊದಲು ಬೇಕಾದದ್ದು ಮೇಷ್ಟ್ರು ಕೇಳಿದ ಎರಡನೇ ಪ್ರಾಶಸ್ತ್ಯ. ಮೇಯ್ನ್ ರಾಜ್ಯದ ಜನ 2016ರಲ್ಲಿ ಅದನ್ನು ಒಪ್ಪಿ, 2018ರಿಂದ ಕಾಂಗ್ರೆಸ್, ಅಂದರೆ ಇಲ್ಲಿಯ ಸಂಸತ್ತಿನ ಚುನಾವಣೆಗೆ ಹಾಗೆಯೇ ಓಟು ಹಾಕುತ್ತಿದ್ದಾರೆ. ಅಲಾಸ್ಕಾ 2020ರಲ್ಲಿ ಒಪ್ಪಿತು. ಮನಸ್ಸಿಗೆ ಬಂದವರಿಗೆ ಒಂದು, ತಡೆದುಕೊಳ್ಳಬಹುದಾದವರಿಗೆ ಎರಡು. ಓಟು ಒಡೆಯುವ ಭಯವಿಲ್ಲ, ಸಣ್ಣ ಪಕ್ಷಕ್ಕೆ ನಿಜವಾಗಿ ಎಷ್ಟು ಜನ ಇದ್ದಾರೆ ಅನ್ನುವುದೂ ಲೆಕ್ಕಕ್ಕೆ ಸಿಗುತ್ತದೆ. ನಮ್ಮ ರೈತ ಸಂಘ ಮೇಲುಕೋಟೆಯ ಕಡೆ ಬೆಳೆದ ಹಾಗೆ, ಮೂರನೇ ಪಕ್ಷವೂ ಒಂದು ತಾಲ್ಲೂಕಿನಲ್ಲಿ ಬೇರು ಬಿಟ್ಟು ಆಮೇಲೆ ಮೇಲೆ ಬರಬೇಕು. ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷಗಿರಿಗೆ ಮಾತ್ರ ಎದ್ದು ನಿಲ್ಲುವ ಪಕ್ಷ ಬೆಳೆಯುವುದಿಲ್ಲ. ನಮ್ಮ ಫ್ಲೋರಿಡಾ 2022ರಲ್ಲಿ ಪ್ರಾಶಸ್ತ್ಯದ ಓಟನ್ನೇ ಕಾನೂನು ಮಾಡಿ ನಿಷೇಧಿಸಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ನಿನಗೆ ಇಲ್ಲಿ ಓಟು ಬರಲು ಇನ್ನೂ ಬಹಳ ವರ್ಷ ಇದೆ ತಮ್ಮಾ. ಭಾರತದವರ ಗ್ರೀನ್ ಕಾರ್ಡ್ ಸಾಲು ನಿನಗೆ ಗೊತ್ತೇ ಇದೆ. ವೀಸಾದಲ್ಲಿರುವವರು ಯಾವ ಅಭ್ಯರ್ಥಿಗೂ ಒಂದು ಡಾಲರ್ ಚಂದಾ ಕೂಡ ಕೊಡುವಂತಿಲ್ಲ, ಯಾರು ಪ್ರೀತಿಯಿಂದ ಕೇಳಿದರೂ ಕೊಡಬೇಡ. ಅದಕ್ಕಿಂತ ಮುಖ್ಯ, 1993ರ ಒಂದು ಕಾನೂನಿನ ಪ್ರಕಾರ ಡ್ರೈವಿಂಗ್ ಲೈಸೆನ್ಸ್ ಕೊಡುವಲ್ಲೇ ಮತದಾರರ ಪಟ್ಟಿಗೂ ಸೇರುತ್ತೀರಾ ಅಂತ ಕೇಳುತ್ತಾರೆ. ಕೌಂಟರಿನವರು ಗಡಿಬಿಡಿಯಲ್ಲಿ ಕೇಳುತ್ತಾರೆ, ಹೊಸಬರು ಎಲ್ಲದಕ್ಕೂ "ಎಸ್" ಅನ್ನುತ್ತಾರೆ. ಸಿಟಿಜನ್ ಅಲ್ಲದವರು ಅಲ್ಲಿ ಹೌದು ಅಂದರೆ, ಮುಂದೆ ಪೌರತ್ವದ ಅರ್ಜಿಯಲ್ಲಿ ಆ ಪ್ರಶ್ನೆ ಬರುತ್ತದೆ. ದೇಶ ಬಿಡಿಸುವವರೆಗೂ ಹೋಗಬಹುದು.

ಗುರುವಾರ ಲೈಸೆನ್ಸಿಗೆ ಹೋಗುತ್ತೇನೆ ಅಂದಿದ್ದೀಯಲ್ಲ, ಹೊರಡುವ ಮುಂಚೆ ಫೋನ್ ಮಾಡು. ನಾನೂ ಬರುತ್ತೇನೆ. ಪ್ರತಿ ಸಾಲು ಇಬ್ಬರೂ ಓದಿ, ಅರ್ಥವಾದ ಮೇಲೆ ನೀನೇ ಸಹಿ ಹಾಕುವಿಯಂತೆ. ಹಾಗೇ ಮನೆಗೆ ಬಾ, ನಿಮ್ಮ ಅತ್ತಿಗೆ ಮುದ್ದೆ, ಅವರೆಕಾಳು ಸಾರು ಮಾಡುತ್ತಾಳೆ. ಮಗಳನ್ನೂ ಕರೆದುಕೊಂಡು ಬಾ.